ನಡಾವಳಿ: ಸಭೆ ಮುಗಿದ ಮೇಲೆ ಉಳಿಯುವ ಕಾಗದ

ಬಳ್ಳಾರಿ ಮಹಾನಗರ ಪಾಲಿಕೆಯ ಸಾಮಾನ್ಯ ಸಭೆ ನಡೆದ ಮರುದಿನ ಪೇಪರಿನ ಜಿಲ್ಲಾ ಪುಟದಲ್ಲಿ ಏನಿರುತ್ತದೆ ಅಂತ ಊಹಿಸೋದು ಕಷ್ಟವಲ್ಲ. ‘ಕುಡಿಯುವ ನೀರಿಗಾಗಿ ಸದಸ್ಯರ ಗದ್ದಲ’, ‘ಅಧಿಕಾರಿಗಳಿಗೆ ತರಾಟೆ’, ಜೊತೆಗೆ ಕೈ ಎತ್ತಿ ಮಾತಾಡುತ್ತಿರುವವರ ಒಂದು ಫೋಟೊ. ತುಂಗಭದ್ರಾ ಕಾಲುವೆಯ ನೀರು ಅಲ್ಲೀಪುರ ಕೆರೆಗೆ ಬಂದು, ಅಲ್ಲಿಂದ ಮನೆಯ ನಳಕ್ಕೆ ಬರಬೇಕಾದ ಊರಿದು. ಬೇಸಿಗೆಯಲ್ಲಿ ಜಗಳ ಜಾಸ್ತಿ ಆಗೋದು ಸಹಜವೇ. ‘ನಮ್ಮ ಸದಸ್ಯರು ಸರಿಯಾಗಿ ಕೇಳಿದ್ದಾರೆ ಬಿಡು’ ಅಂತ ಓದಿದವರಿಗೂ ಸಮಾಧಾನ. ಆದರೆ ಕೇಳಿದ್ದಕ್ಕೆ ಏನು ತೀರ್ಮಾನ ಆಯ್ತು? ಸುದ್ದಿಯ ಕೊನೆಯ ಸಾಲಿನಲ್ಲೂ ಅದು ಇಲ್ಲದಿರಬಹುದು. ಅದಕ್ಕೆ ನಡಾವಳಿ ನೋಡಬೇಕು.

ಸಭೆಯ ಮುಂದೆ ಯಾವ ಯಾವ ವಿಷಯ ಬಂತು, ಯಾವುದಕ್ಕೆ ಏನು ನಿರ್ಣಯ ಆಯ್ತು ಎಂದು ಕಚೇರಿಯವರು ಬರೆದಿಡುವ ಅಧಿಕೃತ ದಾಖಲೆಗೆ ನಡಾವಳಿ ಅನ್ನುತ್ತಾರೆ. ‘ನಡವಳಿ’ ಅಂತ ಬರೆಯುವವರೂ ಇದ್ದಾರೆ. ಗ್ರಾಮ ಪಂಚಾಯಿತಿ, ಸಹಕಾರ ಸಂಘ, ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ), ಎಲ್ಲ ಕಡೆಯೂ ಇದಿದೆ. ಯಾರು ಎಷ್ಟು ಜೋರಾಗಿ ಕೂಗಿದರು ಅನ್ನೋದು ಅದರಲ್ಲಿ ಇರಲ್ಲ, ಇರಬೇಕಾಗಿಯೂ ಇಲ್ಲ. ಬಳ್ಳಾರಿಯಲ್ಲಂತೂ ಮಾತು ಕನ್ನಡದಲ್ಲಿ ಶುರುವಾಗಿ, ತೆಲುಗಿಗೆ ಹೊರಳಿ, ಉರ್ದುವಿನಲ್ಲಿ ಮುಗಿಯುವುದುಂಟು. ಕಾಗದಕ್ಕೆ ಬರುವ ಹೊತ್ತಿಗೆ ಅಷ್ಟೂ ಸೇರಿ ‘ಸುದೀರ್ಘವಾಗಿ ಚರ್ಚಿಸಲಾಯಿತು’ ಅಂತಾಗಿರುತ್ತದೆ!

ಮೊದಲಿಗೆ ದಿನಾಂಕ, ಜಾಗ, ಅಧ್ಯಕ್ಷತೆ ವಹಿಸಿದವರು, ಹಾಜರಿದ್ದವರ ಪಟ್ಟಿ. ಅದಾದ ಮೇಲೆ ಬರುವ ವಿಷಯ ಸಾಮಾನ್ಯವಾಗಿ ‘ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದು’. ಇದನ್ನು ಸುಮ್ನೆ ಶಾಸ್ತ್ರಕ್ಕೆ ಮಾಡುವುದು ಅಂದುಕೊಳ್ಳಬೇಡಿ. ‘ನಾವು ಒಪ್ಪಿದ್ದು ಹೀಗಲ್ಲ, ತಪ್ಪಾಗಿ ಬರೆದಿದ್ದೀರಿ’ ಎಂದು ಸದಸ್ಯರು ತಕರಾರು ತೆಗೆಯಬೇಕಾದ ಜಾಗ ಇದೇ. ಇಲ್ಲಿ ಬಾಯಿ ಬಿಡದೆ ಕೂತರೆ ಬರೆದದ್ದೇ ಖಾಯಂ ಆಗಿಬಿಡುತ್ತದೆ.

ಇನ್ನು ನಿರ್ಣಯದ ಭಾಷೆ. ಇದನ್ನು ಸ್ವಲ್ಪ ಬಿಡಿಸಿ ಓದೋದು ಕಲಿಯಬೇಕು. ಬ್ರೂಸ್‌ಪೇಟೆಯ ಒಂದು ಓಣಿಯಲ್ಲಿ ನಳದ ನೀರಿಗೆ ಚರಂಡಿ ನೀರು ಸೇರುತ್ತಿದೆ ಅಂತಿಟ್ಟುಕೊಳ್ಳಿ. ಸದಸ್ಯರು ಬಾಟಲಿಯಲ್ಲಿ ಆ ನೀರು ತಂದು ಸಭೆಯಲ್ಲಿ ತೋರಿಸುತ್ತಾರೆ. ಫೋಟೊ ಬರುತ್ತದೆ. ನಡಾವಳಿಯಲ್ಲಿ ಹೀಗೆ ಬರೆದಿರಬಹುದು: ‘ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲು ಸಂಬಂಧಪಟ್ಟವರಿಗೆ ಸೂಚಿಸಲಾಯಿತು.’ ಯಾರು? ಯಾವಾಗ? ದುಡ್ಡು ಎಲ್ಲಿಂದ? ಒಂದಕ್ಕೂ ಉತ್ತರ ಇಲ್ಲ. ಇಂಥ ಸಾಲು ಇದ್ದರೆ ಏನೂ ತೀರ್ಮಾನ ಆಗಿಲ್ಲ ಅಂತಲೇ ನಾನು ಓದಿಕೊಳ್ಳುತ್ತೇನೆ. ಅದರ ಬದಲು ‘ಹಳೆಯ ಪೈಪ್ ಬದಲಿಸಲು ಅಂದಾಜು ಪಟ್ಟಿ ತಯಾರಿಸಿ ಮುಂದಿನ ಸಭೆಗೆ ಮಂಡಿಸಲು ಕಾರ್ಯಪಾಲಕ ಅಭಿಯಂತರರಿಗೆ ಸೂಚಿಸಲಾಯಿತು’ ಎಂದಿದ್ದರೆ ಹಿಡಿದುಕೊಳ್ಳೋಕೆ ಒಂದು ದಾರ ಸಿಕ್ಕ ಹಾಗೆ. ಮುಂದಿನ ಸಭೆಯಲ್ಲಿ ಪಟ್ಟಿ ಬಂತಾ ಅಂತ ಕೇಳಬಹುದು.

ಹೀಗೆ ಕೇಳುವುದಕ್ಕೆಂದೇ ‘ಅನುಪಾಲನಾ ವರದಿ’ ಎಂಬುದೊಂದಿದೆ. ಹಿಂದಿನ ನಿರ್ಣಯಗಳ ಪೈಕಿ ಯಾವುದು ಜಾರಿಯಾಯಿತು, ಯಾವುದು ಎಲ್ಲಿಗೆ ನಿಂತಿದೆ ಅಂತ ಅಧಿಕಾರಿಗಳು ಸಭೆಗೆ ಕೊಡುವ ಲೆಕ್ಕ ಅದು. ನಡಾವಳಿಯೊಂದೇ ಇದ್ದರೆ ಅರ್ಧ ಕಥೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು.

ಇನ್ನೆರಡು ಸಾಲಿನ ಮೇಲೆ ಕಣ್ಣಿಡಿ. ಒಂದು, ಪಟ್ಟಿಯ ಕೊನೆಗೆ ಬರುವ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’. ಮೊದಲೇ ಹಂಚಿದ ವಿಷಯಪಟ್ಟಿಯಲ್ಲಿ ಇಲ್ಲದ್ದು ಸಭೆಗೆ ಬರುವುದು ಇಲ್ಲಿಂದ. ತುರ್ತು ಕೆಲಸಕ್ಕೆ ಬೇಕಾದದ್ದೇ, ಆದರೆ ಎಲ್ಲರೂ ಎದ್ದು ಹೊರಡುವ ಹೊತ್ತಿನಲ್ಲಿ ಏನು ಪಾಸಾಯಿತು ಅಂತ ನೋಡೋದು ಒಳ್ಳೆಯದು ಅಲ್ವಾ? ಎರಡನೆಯದು ‘ಘಟನೋತ್ತರ ಮಂಜೂರಾತಿ’. ಕೆಲಸ ಅಥವಾ ಖರ್ಚು ಆಗಲೇ ಆಗಿಹೋಗಿದೆ, ಒಪ್ಪಿಗೆ ಈಗ ಕೇಳುತ್ತಿದ್ದಾರೆ ಅಂತ ಅರ್ಥ.

ವಾರ್ಡ್ ಮಟ್ಟಕ್ಕೂ ಇದೇ ಮಾತು. ನಗರಗಳ ಸ್ಥಳೀಯ ಆಡಳಿತದ ಬಗ್ಗೆ ಸಂವಿಧಾನಕ್ಕೆ 1992ರಲ್ಲಿ ಆದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ಅದರಲ್ಲಿ ಸೇರಿದ 243-ಎಸ್ ವಿಧಿಯ ಪ್ರಕಾರ 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು. 2011ರ ಜನಗಣತಿಯಲ್ಲಿ ಬಳ್ಳಾರಿ ನಗರದ ಜನಸಂಖ್ಯೆ 4 ಲಕ್ಷ ದಾಟಿತ್ತು. ಹಾಗಾಗಿ ಇಲ್ಲೂ ವಾರ್ಡ್ ಸಮಿತಿ ಇರಬೇಕು. ಬಳ್ಳಾರಿ ಪಾಲಿಕೆಯಲ್ಲಿ 39 ವಾರ್ಡ್‌ಗಳಿವೆ. ‘ನಮ್ಮ ವಾರ್ಡಿನ ಸಭೆ ಆಯ್ತು’ ಅಂತ ಯಾರಾದರೂ ಹೇಳಿದರೆ ನಡಾವಳಿ ಎಲ್ಲಿದೆ ಅಂತ ಕೇಳಿ. ಚಹಾ ಕುಡಿದು ಮಾತಾಡಿದ್ದಕ್ಕೂ ಸಭೆ ನಡೆದದ್ದಕ್ಕೂ ಇರುವ ವ್ಯತ್ಯಾಸ ಅದೊಂದೇ.

ಕೇಳಿದರೆ ಕೊಡುತ್ತಾರಾ? 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಂ ಪ್ರಕಾರ ಸಾರ್ವಜನಿಕ ಕಚೇರಿಗಳು ತಮ್ಮ ಮಂಡಳಿ, ಪರಿಷತ್ತು, ಸಮಿತಿಗಳ ಸಭೆಗೆ ಸಾರ್ವಜನಿಕರು ಬರಬಹುದೇ, ನಡಾವಳಿ ಅವರಿಗೆ ಸಿಗುತ್ತದೆಯೇ ಎಂಬುದನ್ನು ತಾವಾಗಿಯೇ ಪ್ರಕಟಿಸಬೇಕು. ಹಾಗಾಗಿ ಮೊದಲು ಕಚೇರಿಯಲ್ಲಿ ಬಾಯಿಮಾತಲ್ಲೇ ಕೇಳಿ ನೋಡಿ. ಆಗಲಿಲ್ಲವೆಂದರೆ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಬಗ್ಗೆ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ‘ನೀರಿನ ಸಮಸ್ಯೆ ಯಾಕೆ ಬಗೆಹರಿದಿಲ್ಲ’ ಅಂತ ಬರೆದರೆ ಹಾರಿಕೆ ಉತ್ತರ ಬರುತ್ತದೆ. ‘ಇಂಥ ದಿನಾಂಕದ ಸಾಮಾನ್ಯ ಸಭೆಯ ದೃಢೀಕರಿಸಿದ ನಡಾವಳಿ ಮತ್ತು ಅದರ ಅನುಪಾಲನಾ ವರದಿಯ ಪ್ರತಿ’ ಅಂತ ಕೇಳಿ. ಉತ್ತರಕ್ಕೆ 30 ದಿನದ ಗಡುವು ಇದೆ. ಬರದಿದ್ದರೆ ಅಲ್ಲಿಂದ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಬಹುದು.