ನರ್ಸ್ ಆಗಲು ಹೊರಟವರಿಗಾಗಿ ಹುಟ್ಟಿದ ಆಸ್ಪತ್ರೆ

1889ರಲ್ಲಿ ಎಮ್ಮಾ ರೆನಾಲ್ಡ್ಸ್ ಎಂಬ ಯುವತಿ ನರ್ಸಿಂಗ್ ಕಲಿಯಬೇಕೆಂದು ಅಮೆರಿಕದ ಶಿಕಾಗೋಗೆ ಬಂದರು. ನಗರದಲ್ಲಿ ನರ್ಸಿಂಗ್ ಶಾಲೆಗಳೇನೋ ಇದ್ದವು. ಆದರೆ ಎಲ್ಲಿ ಕೇಳಿದರೂ ಸೀಟಿಲ್ಲ ಎಂಬ ಉತ್ತರವೇ ಬಂತು. ಅವರು ಕಪ್ಪು ಜನಾಂಗದವರು, ಕಾರಣ ಅಷ್ಟೇ. ಅವರ ಸೋದರ ಲೂಯಿಸ್ ಅದೇ ಊರಿನ ಒಂದು ಚರ್ಚಿನ ಪಾದ್ರಿ. ತಮಗೆ ಗೊತ್ತಿದ್ದ ವೈದ್ಯ ಡೇನಿಯಲ್ ಹೇಲ್ ವಿಲಿಯಮ್ಸ್ ಹತ್ತಿರ ಹೋಗಿ, ಏನಾದರೂ ದಾರಿ ಇದೆಯಾ ಎಂದು ಕೇಳಿದರು.

ಇದ್ದ ಶಾಲೆಗಳಲ್ಲಿ ಸೀಟು ಕೊಡಿಸುವುದು ವಿಲಿಯಮ್ಸ್ ಕೈಯಲ್ಲಿ ಇರಲಿಲ್ಲ. ಅವರದೂ ಅದೇ ಪಾಡು. ಕ್ಷೌರದಂಗಡಿಯಲ್ಲಿ ದುಡಿದುಕೊಂಡು ಓದಿ, 1883ರಲ್ಲಿ ಡಾಕ್ಟರ್ ಆದವರು ಅವರು. ಆದರೆ ಆಗಿನ ಕಪ್ಪು ವೈದ್ಯರಿಗೆ ನಗರದ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಸೇರಿಸಿಕೊಂಡು ಆಪರೇಷನ್ ಮಾಡಲು ಅವಕಾಶ ಸಿಗುತ್ತಿರಲಿಲ್ಲ. ಹಾಗಾಗಿ ಅವರು ರೋಗಿಯ ಮನೆಗೇ ಹೋಗಿ, ಅಡುಗೆಮನೆಯಲ್ಲೋ ಪಡಸಾಲೆಯಲ್ಲೋ ಆಪರೇಷನ್ ಮಾಡುತ್ತಿದ್ದರು. ಮನೆಯಲ್ಲಿ ಗಾಯ ಕೊಯ್ಯಬಹುದು, ಹೊಲಿಯಬಹುದು. ಆಮೇಲೆ ಏನು? ಜ್ವರ ಏರಿತಾ, ಗಾಯ ಕೀವಾಯಿತಾ ಎಂದು ರಾತ್ರಿಯೆಲ್ಲ ನೋಡಿಕೊಳ್ಳುವವರು ಯಾರು? ಆಂಟಿಬಯಾಟಿಕ್ ಇಲ್ಲದ ಕಾಲ ಅದು. ಆಪರೇಷನ್ ಆದ ಮೇಲಿನ ದಿನಗಳಲ್ಲೇ ಜೀವ ಹೋಗುವ ಭಯ ಜಾಸ್ತಿ.

ನಮಗೆ ಬೇರೆಯೇ ಒಂದು ಆಸ್ಪತ್ರೆ ಬೇಕು, ಅದರಲ್ಲಿ ನರ್ಸಿಂಗ್ ಶಾಲೆಯೂ ಇರಬೇಕು ಎಂದು ಅವರು ಜನರ ಬಳಿಗೆ ಹೋದರು. ಚರ್ಚುಗಳಲ್ಲಿ ಸಭೆ ಸೇರಿತು. ಮಾಂಸೋದ್ಯಮಿ ಫಿಲಿಪ್ ಆರ್ಮರ್ ಅವರಂಥ ಶ್ರೀಮಂತರು ಹಣ ಕೊಟ್ಟರು. ಸುತ್ತಲಿನ ಬಡ ಕುಟುಂಬಗಳು ಕೈಲಾದದ್ದನ್ನು ತಂದು ಕೊಟ್ಟವು: ಮಂಚ, ಬೆಡ್‌ಶೀಟು, ಸಾಬೂನು, ಸಕ್ಕರೆ. 1891ರಲ್ಲಿ 29ನೇ ರಸ್ತೆ ಮತ್ತು ಡಿಯರ್‌ಬಾರ್ನ್ ರಸ್ತೆ ಕೂಡುವ ಕಡೆ, ಮೂರು ಅಂತಸ್ತಿನ ಇಟ್ಟಿಗೆ ಮನೆಯೊಂದರಲ್ಲಿ ಪ್ರಾವಿಡೆಂಟ್ ಆಸ್ಪತ್ರೆ ಶುರುವಾಯಿತು. ಇದ್ದದ್ದು 12 ಹಾಸಿಗೆ. ವೈದ್ಯರಲ್ಲಿ ಕಪ್ಪು ಜನರೂ ಇದ್ದರು, ಬಿಳಿಯರೂ ಇದ್ದರು. ರೋಗಿಗಳೂ ಹಾಗೆಯೇ. ಆಗಿನ ಅಮೆರಿಕದಲ್ಲಿ ಇದು ಸಣ್ಣ ಮಾತಲ್ಲ. ನರ್ಸಿಂಗ್ ಶಾಲೆಯ ಮೊದಲ ತಂಡದಲ್ಲಿ 7 ಮಂದಿ ಹೆಣ್ಣುಮಕ್ಕಳು ಸೇರಿದರು. ಅವರಲ್ಲಿ ಎಮ್ಮಾ ಕೂಡ ಒಬ್ಬರು. 18 ತಿಂಗಳ ತರಬೇತಿ ಮುಗಿಸಿ 1892ರಲ್ಲಿ ಅವರು ನರ್ಸ್ ಆಗಿ ಹೊರಬಂದರು. ಅಷ್ಟಕ್ಕೇ ನಿಲ್ಲಲಿಲ್ಲ, ಮುಂದೆ ಓದಿ 1895ರಲ್ಲಿ ಡಾಕ್ಟರೂ ಆದರು.

ಮೊದಲ ವರ್ಷ ಅಲ್ಲಿ 189 ರೋಗಿಗಳು ಚಿಕಿತ್ಸೆ ಪಡೆದರು. ಅವರಲ್ಲಿ 141 ಮಂದಿ ಪೂರ್ತಿ ಗುಣವಾದರು. 22 ಮಂದಿ ಸತ್ತರು. ದಾನದ ಮಂಚಗಳ ಮೇಲೆ, ಹೊಸದಾಗಿ ಕಲಿಯುತ್ತಿದ್ದ ನರ್ಸುಗಳ ಕೈಯಲ್ಲಿ ಬಂದ ಲೆಕ್ಕ ಇದು. ನನಗಂತೂ ಈ ಅಂಕಿಗಳನ್ನು ನೋಡಿದರೆ ಹೆಮ್ಮೆಯಾಗುತ್ತದೆ.

1893ರ ಜುಲೈ 9ರ ರಾತ್ರಿ ಜೇಮ್ಸ್ ಕಾರ್ನಿಷ್ ಎಂಬ ಯುವಕನನ್ನು ಆಸ್ಪತ್ರೆಗೆ ಹೊತ್ತು ತಂದರು. ಜಗಳದಲ್ಲಿ ಎದೆಗೆ ಚೂರಿ ಇರಿತವಾಗಿತ್ತು. ಹೊರಗಿನಿಂದ ನೋಡಿದರೆ ಗಾಯ ಸಣ್ಣದು. ಎಷ್ಟು ಆಳ ಹೋಗಿದೆ ಎಂದು ತಿಳಿಯಲು ಎಕ್ಸ್‌ರೇ ಇರಲಿಲ್ಲ. ಅದು ಬಂದದ್ದೇ 1895ರಲ್ಲಿ. ರಕ್ತ ಕೊಡೋಣವೆಂದರೆ ರಕ್ತದ ಗುಂಪುಗಳೇ ಇನ್ನೂ ಗೊತ್ತಾಗಿರಲಿಲ್ಲ. ಬೆಳಗಾಗುವ ಹೊತ್ತಿಗೆ ಕಾರ್ನಿಷ್‌ನ ನಾಡಿ ಕ್ಷೀಣವಾಗುತ್ತಾ ಬಂತು. ಎದೆ ತೆರೆದು ನೋಡಲು ವಿಲಿಯಮ್ಸ್ ತೀರ್ಮಾನಿಸಿದರು.

ನಮ್ಮ ಹೃದಯ ಎದೆಗೂಡಿನಲ್ಲಿ ಸುಮ್ನೆ ನೇತಾಡುತ್ತಿರುವುದಿಲ್ಲ. ಅದರ ಸುತ್ತ ಪೆರಿಕಾರ್ಡಿಯಂ ಎಂಬ ಗಟ್ಟಿಯಾದ ಚೀಲ ಇರುತ್ತದೆ. ಚೀಲಕ್ಕೂ ಹೃದಯಕ್ಕೂ ನಡುವೆ ಇರುವುದು ಕೆಲವೇ ಚಮಚ ದ್ರವ. ಆ ಚೀಲ ಬಲೂನಿನ ಹಾಗೆ ಥಟ್ಟನೆ ಹಿಗ್ಗುವುದಿಲ್ಲ. ಗಾಯದಿಂದ ರಕ್ತ ಸುರಿದು ಒಳಗೆ ಬೇಗ ತುಂಬಿಕೊಂಡರೆ, 150–200 ಮಿಲಿಲೀಟರ್ ಸಾಕು, ಹೃದಯ ಅರಳಲಾಗದೆ ಒತ್ತಿಹೋಗುತ್ತದೆ. ಅರಳದಿದ್ದರೆ ರಕ್ತ ಒಳಗೆ ಬರುವುದಿಲ್ಲ, ಬರದ ರಕ್ತವನ್ನು ಹೊರಗೆ ತಳ್ಳುವುದಾದರೂ ಹೇಗೆ? ಹೃದಯದ ಹತ್ತಿರ ಚೂರಿ ತಗುಲಿದವರು ರಕ್ತ ಹೊರಗೆ ಹೆಚ್ಚು ಹರಿಯದೆಯೂ ಸಾಯುವುದು ಇದರಿಂದಲೇ. ಆ ಕಾಲದ ಹೆಚ್ಚಿನ ಸರ್ಜನ್‌ಗಳು ಇಂಥ ಗಾಯಕ್ಕೆ ಕೈ ಹಾಕುತ್ತಲೇ ಇರಲಿಲ್ಲ.

ವಿಲಿಯಮ್ಸ್ ಪಕ್ಕೆಲುಬಿನ ಮೃದ್ವಸ್ಥಿಯನ್ನು ಕತ್ತರಿಸಿ ಸಣ್ಣ ಕಿಂಡಿ ಮಾಡಿಕೊಂಡರು. ಎದೆಮೂಳೆಯ ಪಕ್ಕದ ರಕ್ತನಾಳ ತುಂಡಾಗಿತ್ತು, ಅದನ್ನು ಕಟ್ಟಿದರು. ಪೆರಿಕಾರ್ಡಿಯಂನಲ್ಲಿ ಸುಮಾರು 3 ಸೆಂಟಿಮೀಟರ್ ಸೀಳು ಕಂಡಿತು. ಒಳಗೆ ಹೃದಯದ ಮೇಲೂ ಒಂದು ಚಿಕ್ಕ ಗೀರು ಇತ್ತು. ಅದರಿಂದ ರಕ್ತ ಬರುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಅದನ್ನು ಮುಟ್ಟದೆ ಬಿಟ್ಟರು. ಮುಟ್ಟದೆ ಬಿಟ್ಟದ್ದೂ ಒಂದು ಜಾಣತನವೇ. ಗಾಯವನ್ನು ಬೆಚ್ಚಗಿನ ಉಪ್ಪುನೀರಿನಿಂದ ತೊಳೆದರು. ಪ್ರತಿ ಬಡಿತಕ್ಕೂ ಕುಣಿಯುತ್ತಿದ್ದ ಚೀಲದ ಅಂಚುಗಳನ್ನು ಚಿಮಟದಲ್ಲಿ ಹಿಡಿದು ಪ್ರಾಣಿಯ ಕರುಳಿನಿಂದ ಮಾಡುವ ಕ್ಯಾಟ್‌ಗಟ್ ದಾರದಿಂದ ಹೊಲಿದರು.

ಇದನ್ನು ಜಗತ್ತಿನ ಮೊದಲ ಹೃದಯ ಶಸ್ತ್ರಚಿಕಿತ್ಸೆ ಎಂದು ಎಷ್ಟೋ ಕಡೆ ಬರೆಯುತ್ತಾರೆ. ಅದು ಪೂರ್ತಿ ಸರಿಯಲ್ಲ. ಸೇಂಟ್ ಲೂಯಿಸ್ ನಗರದ ಹೆನ್ರಿ ಡಾಲ್ಟನ್ 1891ರಲ್ಲೇ ಪೆರಿಕಾರ್ಡಿಯಂ ಹೊಲಿದಿದ್ದರು. ಹೃದಯದ ಸ್ನಾಯುವನ್ನೇ ಹೊಲಿದು ರೋಗಿಯನ್ನು ಉಳಿಸಿದ್ದು ಫ್ರಾಂಕ್‌ಫರ್ಟಿನ ಲುಡ್‌ವಿಗ್ ರೆನ್, 1896ರಲ್ಲಿ. ವಿಲಿಯಮ್ಸ್ ದೊಡ್ಡವರು ಎನ್ನಲು ಮೊದಲಿಗರು ಎಂಬ ಪಟ್ಟ ಬೇಕಾಗಿಲ್ಲ ಅಲ್ವಾ?

ನನ್ನ ಮಟ್ಟಿಗೆ ಕಾರ್ನಿಷ್‌ನ ಕತೆಯಲ್ಲಿ ಮುಖ್ಯವಾದ ಭಾಗ ಆಪರೇಷನ್ ಮುಗಿದ ಮೇಲೆ ಶುರುವಾಗುತ್ತದೆ. ಅವನು ಆಸ್ಪತ್ರೆಯಲ್ಲಿ ಇದ್ದದ್ದು 51 ದಿನ. ಮೂರು ವಾರಗಳ ನಂತರ ಎದೆಯೊಳಗೆ ರಕ್ತ ಬೆರೆತ ನೀರು ತುಂಬಿಕೊಂಡಿತು. ಮತ್ತೆ ಕೊಯ್ದು ಎರಡು ಲೀಟರಿಗೂ ಜಾಸ್ತಿ ಹೊರತೆಗೆದರು. ರೋಗಾಣುಗಳು ಗಾಯದಲ್ಲಿ ಬೇರೂರಿದ ಮೇಲೆ ಅವುಗಳನ್ನು ಕೊಲ್ಲುವ ಔಷಧಿ ಆಗ ಇರಲಿಲ್ಲ. ಅವು ಒಳಗೆ ಹೋಗದಂತೆ ತಡೆಯುವುದೊಂದೇ ಉಪಾಯ. ಬ್ರಿಟನ್ನಿನ ಸರ್ಜನ್ ಜೋಸೆಫ್ ಲಿಸ್ಟರ್ 1867ರಲ್ಲಿ ಪ್ರಕಟಿಸಿದ ಈ ಪಾಠವನ್ನು ವಿಲಿಯಮ್ಸ್ ಚೆನ್ನಾಗಿ ಕಲಿತಿದ್ದರು. ಆದರೆ ತಡೆಯುವ ಕೆಲಸ ಸರ್ಜನ್ ಒಬ್ಬರದಲ್ಲ. ಕೈ ತೊಳೆಯುವುದು, ಪಟ್ಟಿ ಬದಲಿಸುವುದು, ಹಾಸಿಗೆ ಶುಚಿಯಾಗಿಡುವುದು, ಜ್ವರ ನೋಡುವುದು, ಉಸಿರಾಟ ಬದಲಾದರೆ ತಕ್ಷಣ ಡಾಕ್ಟರಿಗೆ ಹೇಳುವುದು. ದಿನದಿನವೂ ಇದನ್ನು ಮಾಡುವವರು ನರ್ಸುಗಳು. ಅಂಥ ನರ್ಸುಗಳನ್ನು ತಯಾರು ಮಾಡಲೆಂದೇ ಈ ಆಸ್ಪತ್ರೆ ಹುಟ್ಟಿತ್ತು. ಅದೇ ಆಪರೇಷನ್ ಯಾರದೋ ಅಡುಗೆಮನೆಯಲ್ಲಿ ನಡೆದಿದ್ದರೆ ಕಾರ್ನಿಷ್ ಉಳಿಯುತ್ತಿದ್ದ ಎಂದು ನನಗೆ ಅನ್ನಿಸುವುದಿಲ್ಲ. ಆಗಸ್ಟ್ 30ರಂದು ಮನೆಗೆ ಹೋದ ಆತ ಆಮೇಲೆ 20 ವರ್ಷಗಳ ಮೇಲೂ ಬದುಕಿದ.

ಹೆಸರು ಹರಡಿತು. ಕೆಲವೇ ವರ್ಷಗಳಲ್ಲಿ ಪ್ರಾವಿಡೆಂಟ್ 36ನೇ ರಸ್ತೆಯ ಬಳಿ 65 ಹಾಸಿಗೆಗಳ ಹೊಸ ಕಟ್ಟಡಕ್ಕೆ ಹೋಯಿತು. ಅಷ್ಟರಲ್ಲಿ ದಕ್ಷಿಣದ ರಾಜ್ಯಗಳ ದಬ್ಬಾಳಿಕೆ ತಾಳಲಾರದೆ, ಕಾರ್ಖಾನೆ ಕೆಲಸ ಹುಡುಕಿಕೊಂಡು ಕಪ್ಪು ಜನ ಉತ್ತರದ ನಗರಗಳಿಗೆ ಬರತೊಡಗಿದರು. 1910ರಲ್ಲಿ ಶಿಕಾಗೋದಲ್ಲಿ ಅವರ ಸಂಖ್ಯೆ ಸುಮಾರು 44,000. 1930ಕ್ಕೆ ಅದು 2,33,000 ದಾಟಿತು. ಅವರೆಲ್ಲ ಇಕ್ಕಟ್ಟಾದ ಒಂದೇ ಭಾಗದಲ್ಲಿ ತುಂಬಿಕೊಂಡು ಬದುಕಬೇಕಿತ್ತು. ಬೇರೆ ಆಸ್ಪತ್ರೆಗಳ ಬಾಗಿಲು ಆಗಲೂ ಅವರಿಗೆ ಸರಿಯಾಗಿ ತೆರೆದಿರಲಿಲ್ಲ. ಶಿಕಾಗೋ ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಮಾಡಿಕೊಂಡ ಪ್ರಾವಿಡೆಂಟ್, 1933ರಲ್ಲಿ 51ನೇ ರಸ್ತೆಯ ಇನ್ನೂ ದೊಡ್ಡ ಕಟ್ಟಡಕ್ಕೆ ಬಂತು.

1964ರ ನಾಗರಿಕ ಹಕ್ಕುಗಳ ಕಾಯ್ದೆ, 1966ರಲ್ಲಿ ಜಾರಿಯಾದ ಮೆಡಿಕೇರ್ ಯೋಜನೆ (ವಯಸ್ಸಾದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ) ಇವೆರಡೂ ಸೇರಿ ಆ ಬಾಗಿಲುಗಳನ್ನು ತೆರೆಸಿದವು. ಬಣ್ಣ ನೋಡಿ ರೋಗಿಯನ್ನು ಬೇರೆ ಮಾಡುವ ಆಸ್ಪತ್ರೆಗೆ ಸರ್ಕಾರದ ಹಣ ಇಲ್ಲ ಎಂದಾಯಿತು. ಇದು ಆಗಲೇಬೇಕಾಗಿದ್ದ ಕೆಲಸ. ಆದರೆ ಅದರ ಪೆಟ್ಟು ಪ್ರಾವಿಡೆಂಟಿಗೆ ಬಿತ್ತು. ಕಾಸಿದ್ದ ರೋಗಿಗಳು ದೊಡ್ಡ ಆಸ್ಪತ್ರೆಗಳಿಗೆ ಹೋದರು, ಅವರ ಹಿಂದೆ ಕಪ್ಪು ವೈದ್ಯರೂ ಹೋದರು. ಉಳಿದವರು ಹಣ ಕಟ್ಟಲಾಗದ ಅಕ್ಕಪಕ್ಕದ ಬಡವರು. 1966ರಲ್ಲಿ ನರ್ಸಿಂಗ್ ಶಾಲೆ ಮುಚ್ಚಿತು. 1980ರ ದಶಕದಲ್ಲಿ ಸಾಲ ಮಾಡಿ ಕಟ್ಟಿದ ಹೊಸ ಕಟ್ಟಡದ ಹೊರೆ ತಡೆಯಲಾಗದೆ 1987ರಲ್ಲಿ ಆಸ್ಪತ್ರೆಯೂ ಬಾಗಿಲು ಹಾಕಿತು.

ಚಿಕಿತ್ಸೆ ಹತ್ತಿರದಲ್ಲೇ ಸಿಗಬೇಕಾದವರು ಮಾತ್ರ ಎಲ್ಲೂ ಹೋಗಿರಲಿಲ್ಲ. ಆ ಭಾಗದ ಜನ ಸುಮ್ಮನಿರದೆ ಒತ್ತಾಯ ಮಾಡಿದರು. ಶಿಕಾಗೋ ಇರುವ ಕುಕ್ ಕೌಂಟಿಯ (ಜಿಲ್ಲೆಯ) ಆಡಳಿತ ಆ ಕಟ್ಟಡವನ್ನು ಕೊಂಡು, 1993ರಲ್ಲಿ ಪ್ರಾವಿಡೆಂಟನ್ನು ಸರ್ಕಾರಿ ಆಸ್ಪತ್ರೆಯಾಗಿ ಮತ್ತೆ ತೆರೆಯಿತು. ದುಡ್ಡಿಲ್ಲದವರೂ ಹೋಗಬಹುದಾದ ಆಸ್ಪತ್ರೆಯಾಗಿ ಅದು ಇಂದಿಗೂ ಅದೇ ಭಾಗದಲ್ಲಿ ನಡೆಯುತ್ತಿದೆ.