ಹಸಿರು ಸುಲಭ, ನೀಲಿ ಕಷ್ಟ: ಪಟಾಕಿಯ ಹೊಟ್ಟೆಯೊಳಗಿನ ಕೆಮಿಸ್ಟ್ರಿ

ಕಳೆದ ದೀಪಾವಳಿ ರಾತ್ರಿ ನಮ್ಮ ಓದಿನ ಗುಂಪು ಮುಂಬೈನ ಮರೈನ್ ಡ್ರೈವ್ ಕಟ್ಟೆ ಮೇಲೆ ಕೂತಿತ್ತು. ಗುಂಪು ಅಂದರೆ ನಾಲ್ಕೇ ಜನ. ಎಲ್ಲರೂ ಬಿಎಸ್‌ಸಿ ಎರಡನೇ ವರ್ಷ. ಮನೆಯಲ್ಲಿ ಕನ್ನಡ, ಕಾಲೇಜಲ್ಲಿ ಇಂಗ್ಲಿಷ್, ಲೋಕಲ್ ಟ್ರೈನಲ್ಲಿ ಮರಾಠಿ, ಹಿಂದಿ ಎರಡೂ. ಚೌಪಾಟಿ ಕಡೆಯಿಂದ ಒಂದೊಂದೇ ರಾಕೆಟ್ ಏರುತ್ತಿತ್ತು. ಹುಬ್ಬಳ್ಳಿ ಮೂಲದ ಗೆಳೆಯ ಇದ್ದಕ್ಕಿದ್ದ ಹಾಗೆ ಕೇಳಿದ: "ಕೆಂಪ ಬಂತು, ಹಸರ ಬಂತು, ಬಂಗಾರದ್ದಂತೂ ಸುರೀಲಿಕತ್ತದ. ಛಲೋ ನೀಲಿ ಒಂದೂ ಬರವಲ್ದಲ್ಲೋ, ಯಾಕ?"

ಯಾರಿಗೂ ಉತ್ತರ ಗೊತ್ತಿರಲಿಲ್ಲ. ಆಮೇಲೆ ಮೂರು ಭಾನುವಾರ ಮಾಟುಂಗದಲ್ಲಿ ಕಾಫಿ ಕುಡಿಯುತ್ತ ಇದನ್ನೇ ಓದಿದೆವು. ಈ ಟಿಪ್ಪಣಿ ಹುಟ್ಟಿದ್ದು ಹಾಗೆ. ಯಾವುದನ್ನು ಎಷ್ಟು ಬೆರೆಸಬೇಕು ಅನ್ನೋದನ್ನು ಬೇಕಂತಲೇ ಬರೆದಿಲ್ಲ. ಪರೀಕ್ಷೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ, ಮನೆಯಲ್ಲಿ ಬೆರೆಸಿ ನೋಡಿದರೆ ಬೆರಳು ಉಳಿಯುವುದಿಲ್ಲ.

ಉಸಿರು ಒಳಗೇ ಇದೆ

ಕಟ್ಟಿಗೆ ಉರಿಯೋಕೆ ಗಾಳಿ ಬೇಕು. ಪಟಾಕಿಗೆ ಬೇಡ. ಅದಕ್ಕೆ ಬೇಕಾದ ಆಕ್ಸಿಜನ್ ಉಪ್ಪಿನ ರೂಪದಲ್ಲಿ ಅದರ ಹೊಟ್ಟೆಯಲ್ಲೇ ಕೂತಿರುತ್ತದೆ. ಹಳೇ ಕಾಲದ ಕೋವಿಮದ್ದಿನಲ್ಲಿ ಈ ಕೆಲಸ ಪೆಟ್ಲುಪ್ಪಿನದು, ಅಂದರೆ ಪೊಟ್ಯಾಷಿಯಂ ನೈಟ್ರೇಟಿನದು. ಉರಿಯುವುದು ಇದ್ದಿಲು ಮತ್ತು ಗಂಧಕ. ಗಂಧಕ ಸುಮಾರು 115 ಡಿಗ್ರಿಗೇ ಕರಗುತ್ತದೆ, ಹಾಗಾಗಿ ಬೆಂಕಿ ಬೇಗ ಹಿಡಿಯುತ್ತದೆ.

ಸೋಡಿಯಂ ನೈಟ್ರೇಟ್ ಯಾಕಾಗಬಾರದು ಅಂತ ನಮ್ಮಲ್ಲೊಬ್ಬಳು ಕೇಳಿದಳು. ಒಳ್ಳೆ ಪ್ರಶ್ನೆ. ಲೆಕ್ಕ ಹಾಕಿ ನೋಡಿ: ಸೋಡಿಯಂ ನೈಟ್ರೇಟಿನ ತೂಕದಲ್ಲಿ ಆಕ್ಸಿಜನ್ ಸುಮಾರು 56 ಶೇಕಡಾ, ಪೊಟ್ಯಾಷಿಯಂ ನೈಟ್ರೇಟಿನಲ್ಲಿ 47. ಲೆಕ್ಕದಲ್ಲಿ ಸೋಡಿಯಮ್ಮೇ ಗೆಲ್ಲುತ್ತದೆ. ಆದರೆ ಅದು ಗಾಳಿಯ ತೇವವನ್ನು ಎಳೆದುಕೊಂಡು ಒದ್ದೆಯಾಗುತ್ತದೆ. ಮುಂಬೈ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಗೆ ಅಕ್ಕಿಕಾಳು ಹಾಕಿಡುವ ಮನೆಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಬರೀ ಕೋವಿಮದ್ದಿನ ಉರಿಗೆ ಬಣ್ಣ ಏಳಿಸುವಷ್ಟು ಶಾಖ ಇಲ್ಲ. ಅದಕ್ಕೇ ಚೀನಾದಲ್ಲಿ ಬಾಣಬಿರುಸು ಶುರುವಾದ ಮೇಲೂ ನೂರಾರು ವರ್ಷ ಆಕಾಶದಲ್ಲಿ ಇದ್ದದ್ದು ಹೆಚ್ಚಾಗಿ ಕಿತ್ತಳೆ ಮತ್ತು ಬಂಗಾರದ ಕಿಡಿಯೇ. 1780ರ ದಶಕದಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಬೆರ್ತೊಲೆ, ಆಕ್ಸಿಜನ್ ಕೊಟ್ಟು ಇನ್ನೂ ಬಿಸಿಯಾಗಿ ಉರಿಸುವ ಪೊಟ್ಯಾಷಿಯಂ ಕ್ಲೋರೇಟ್ ಉಪ್ಪು ತಯಾರಿಸಿದ. ಅದು ಪಟಾಕಿಗೆ ಇಳಿದದ್ದು 19ನೇ ಶತಮಾನದಲ್ಲಿ. ಗಾಢ ಕೆಂಪು, ಹಸಿರು ಬಂದದ್ದು ಆಗಲೇ. ಆದರೆ ಕ್ಲೋರೇಟ್ ಮತ್ತು ಗಂಧಕದ ಜೋಡಿ ಬಹಳ ಕೆಟ್ಟದ್ದು. ಗಂಧಕದಲ್ಲಿ ಸ್ವಲ್ಪ ಆಮ್ಲ ಇದ್ದರೂ, ಸುಮ್ನೆ ಒಂದು ತಿಕ್ಕಾಟ ಆದರೂ ತಾನಾಗಿ ಹೊತ್ತಿಕೊಳ್ಳಬಹುದು. ಭಾರತದಲ್ಲಿ ಈ ಜೋಡಿಗೆ 1992ರಲ್ಲೇ ನಿಷೇಧ ಬಂತು. ಈಗ ಆ ಜಾಗದಲ್ಲಿ ಅದಕ್ಕಿಂತ ಸಮಾಧಾನಿಯಾದ ಪರ್‌ಕ್ಲೋರೇಟ್ ಇದೆ.

ಬಣ್ಣ: ಇಲ್ಲಿ ಸ್ವಲ್ಪ ನಿಧಾನ ಓದಿ

ಬೇಳೆಯ ಉಪ್ಪುನೀರು ಉಕ್ಕಿ ಗ್ಯಾಸ್ ಬರ್ನರ್ ಮೇಲೆ ಸುರಿದಾಗ ನೀಲಿ ಉರಿ ಒಂದು ಕ್ಷಣ ಹಳದಿಯಾಗುತ್ತೆ, ನೋಡಿರ್ತೀರಿ ಅಲ್ವಾ? ಅದು ಸೋಡಿಯಂ. ಶಾಖಕ್ಕೆ ಸೋಡಿಯಂ ಪರಮಾಣುವಿನ ಎಲೆಕ್ಟ್ರಾನ್ ಒಂದು ಮೆಟ್ಟಿಲು ಮೇಲೆ ಹೋಗುತ್ತದೆ. ಕೆಳಗೆ ಇಳಿಯುವಾಗ ಆ ಶಕ್ತಿಯನ್ನು ಬೆಳಕಾಗಿ ಬಿಡುತ್ತದೆ. ಅದರ ತರಂಗಾಂತರ 589 ನ್ಯಾನೋಮೀಟರ್. 1240ನ್ನು (ಪ್ಲಾಂಕ್ ಸ್ಥಿರಾಂಕ ಮತ್ತು ಬೆಳಕಿನ ವೇಗ ಗುಣಿಸಿದರೆ ಈ ಅಳತೆಯಲ್ಲಿ ಬರುವ ಸಂಖ್ಯೆ) ಅದರಿಂದ ಭಾಗಿಸಿದರೆ 2.1. ಮೆಟ್ಟಿಲಿನ ಎತ್ತರ ಅಷ್ಟು ಎಲೆಕ್ಟ್ರಾನ್ ವೋಲ್ಟ್ (ಪರಮಾಣುವಿನ ಮಟ್ಟದಲ್ಲಿ ಶಕ್ತಿ ಅಳೆಯುವ ಮಾನ). ಈ 1240ರ ಉಪಾಯ ನೆನಪಿಡಿ, ಪ್ರಾಕ್ಟಿಕಲ್ ವೈವಾದಲ್ಲಿ ಕೈ ಹಿಡಿಯುತ್ತದೆ.

ಇನ್ನು ನಾವೆಲ್ಲ ತಪ್ಪು ಬಾಯಿಪಾಠ ಮಾಡಿದ್ದ ಭಾಗ. ಸ್ಟ್ರಾನ್ಷಿಯಂ ಕೆಂಪು, ಬೇರಿಯಂ ಹಸಿರು, ತಾಮ್ರ ನೀಲಿ, ಕ್ಯಾಲ್ಸಿಯಂ ಕಿತ್ತಳೆ. ಪಟ್ಟಿ ಸರಿಯೇ. ಆದರೆ "ಲೋಹದ ಅಯಾನುಗಳು ಬಣ್ಣ ಕೊಡುತ್ತವೆ" ಅನ್ನೋದು ಪೂರ್ತಿ ಸರಿಯಲ್ಲ. ಹಳದಿ ಬರುವುದು ಒಂಟಿ ಸೋಡಿಯಂ ಪರಮಾಣುವಿನಿಂದ, ಅದು ನಿಜ. ಪಟಾಕಿಯ ಒಳ್ಳೆಯ ಕೆಂಪು, ಹಸಿರು, ನೀಲಿ ಬರುವುದು ಉರಿಯೊಳಗೆ ಆ ಕ್ಷಣಕ್ಕೆ ಮಾತ್ರ ಹುಟ್ಟುವ ಪುಟ್ಟ ಅಣುಗಳಿಂದ. ಒಂದು ಲೋಹ, ಒಂದು ಕ್ಲೋರಿನ್: ಸ್ಟ್ರಾನ್ಷಿಯಂ ಮೋನೋಕ್ಲೋರೈಡ್, ಬೇರಿಯಂ ಮೋನೋಕ್ಲೋರೈಡ್, ತಾಮ್ರದ ಮೋನೋಕ್ಲೋರೈಡ್. ಮೊದಲ ಎರಡನ್ನು ಬಾಟಲಿಯಲ್ಲಿ ತುಂಬಿಡೋಕೂ ಆಗಲ್ಲ. ಬಣ್ಣ ಕೊಡೋಕೆ ಮೂರೂ ಉರಿಯಲ್ಲೇ ಆವಿಯಾಗಿ ಹುಟ್ಟಬೇಕು.

ಫ್ಲೇಮ್ ಟೆಸ್ಟ್ (ಉಪ್ಪನ್ನು ತಂತಿಯ ತುದಿಯಲ್ಲಿ ಉರಿಗೆ ಹಿಡಿದು, ಬಣ್ಣ ನೋಡಿ ಲೋಹ ಗುರುತಿಸುವುದು) ಮಾಡುವಾಗ ತಂತಿಯನ್ನು ಗಾಢ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದುತ್ತೇವೆ. ಯಾಕೆ ಅಂದರೆ "ತಂತಿ ಸ್ವಚ್ಛ ಆಗೋಕೆ" ಅನ್ನುತ್ತೇವೆ. ಅದು ಅರ್ಧ ಉತ್ತರ. ಇನ್ನರ್ಧ, ಲೋಹದ ಕ್ಲೋರೈಡ್ ಬೇಗ ಆವಿಯಾಗುತ್ತದೆ, ಆವಿಯಾದರೇ ಬಣ್ಣ. ಪಟಾಕಿಯಲ್ಲೂ ಅದೇ ಕೆಲಸ ಆಗಬೇಕು, ಆಮ್ಲ ಸುರಿಯೋಕಾಗಲ್ಲ. ಅದಕ್ಕೆ ಪಿವಿಸಿ ಪುಡಿ ಹಾಕುತ್ತಾರೆ. ಹೌದು, ನಲ್ಲಿ ಪೈಪಿನದೇ ಪಿವಿಸಿ. ಬಿಸಿಗೆ ಅದು ಕ್ಲೋರಿನ್ ಬಿಟ್ಟುಕೊಡುತ್ತದೆ. ಇದು ತಲೆಗೆ ಹೊಳೆದ ದಿನ ನನಗೆ ಲ್ಯಾಬಿನ ಆ ಸಣ್ಣ ತಂತಿ ಮೇಲೆ ಗೌರವ ಬಂತು.

ಈಗ ಗೆಳೆಯನ ನೀಲಿಗೆ ಬರೋಣ. ತಾಮ್ರದ ಮೋನೋಕ್ಲೋರೈಡ್ ಬಹಳ ನಾಜೂಕು. ಉರಿ ಸುಮಾರು 1200 ಡಿಗ್ರಿ ದಾಟಿದರೆ ಅದು ಒಡೆಯತೊಡಗುತ್ತದೆ. ಒಡೆದ ಮೇಲೆ ತಾಮ್ರ ಆಕ್ಸಿಜನ್, ಹೈಡ್ರೋಜನ್ ಜತೆ ಸೇರಿ ಹಸಿರು ಕಡೆಗೆ ವಾಲುತ್ತದೆ. ಹಾಗಂತ ಉರಿ ತಣ್ಣಗಿಟ್ಟರೆ ಬೆಳಕೇ ಸಾಲದು, ಆಕಾಶದಲ್ಲಿ ಯಾರಿಗೂ ಕಾಣಲ್ಲ. ದೋಸೆ ಕಾವಲಿ ಇದ್ದ ಹಾಗೆ, ಕಾದರೆ ಸೀಯುತ್ತದೆ, ಕಾಯದಿದ್ದರೆ ಏಳುವುದೇ ಇಲ್ಲ. ಸಾಲದ್ದಕ್ಕೆ ನಮ್ಮ ಕಣ್ಣು ಹಸಿರು-ಹಳದಿಗೆ ಚುರುಕು, ನೀಲಿಗೆ ಮಂದ. ನೇರಳೆ ಬೇಕಾದರೆ ಕೆಂಪಿಗೆ ನೀಲಿ ಸೇರಬೇಕು, ಅಂದರೆ ಅಲ್ಲೂ ಇದೇ ತಾಪತ್ರಯ.

ಎಲ್ಲಕ್ಕಿಂತ ದೊಡ್ಡ ಶತ್ರು ಉಪ್ಪು, ಅಂದರೆ ಅಡುಗೆ ಉಪ್ಪಿನೊಳಗಿನ ಸೋಡಿಯಂ. ಕಚ್ಚಾ ಸಾಮಾನಿನಲ್ಲಿ ಚೂರು ಸೋಡಿಯಂ ಸೇರಿದರೂ ಅದರ ಹಳದಿ ಉಳಿದ ಬಣ್ಣಗಳ ಮೇಲೆ ಕೂತುಬಿಡುತ್ತದೆ. ಲ್ಯಾಬಿನಲ್ಲಿ ಪೊಟ್ಯಾಷಿಯಂ ನೋಡೋಕೆ ಕೋಬಾಲ್ಟ್ ನೀಲಿ ಗಾಜು ಹಿಡಿಯುವುದೂ ಈ ಹಳದಿಯನ್ನು ತಡೆಯೋಕೇ.

ಬೆಳಕು ಜಾಸ್ತಿ, ಬಣ್ಣ ಕಡಿಮೆ

ಬಿಳಿ ಬೆಳಕಿನ ಕಥೆ ಬೇರೆ. ಮೆಗ್ನೀಷಿಯಂ, ಅಲ್ಯೂಮಿನಿಯಂ, ಟೈಟಾನಿಯಂ ಪುಡಿ ಉರಿದಾಗ ಅವುಗಳ ಆಕ್ಸೈಡಿನ ಕಣಗಳು ಕಾದು ಹೊಳೆಯುತ್ತವೆ. ಇಲ್ಲಿ ಮೆಟ್ಟಿಲು ಹತ್ತಿ ಇಳಿಯುವ ಲೆಕ್ಕ ಇಲ್ಲ. ಕುಲುಮೆಯಲ್ಲಿ ಕಬ್ಬಿಣ ಕೆಂಪಗೆ ಕಾದ ಹಾಗೆಯೇ. ಸುಮಾರು 1000 ಡಿಗ್ರಿಗೆ ಕಿತ್ತಳೆ, 3000ದ ಹತ್ತಿರ ಹೋದರೆ ಕಣ್ಣು ಕೋರೈಸುವ ಬಿಳಿ. ಅದಕ್ಕೇ ಹೆಚ್ಚು ಹೊಳಪು ಬೇಕೆಂದು ಬಣ್ಣದ ಮದ್ದಿಗೆ ಲೋಹದ ಪುಡಿ ಸುರಿದರೆ ಬಣ್ಣ ತೆಳುವಾಗುತ್ತದೆ. ಚಿಟಿಕೆ ಕುಂಕುಮಕ್ಕೆ ಕೊಡಗಟ್ಟಲೆ ಹಾಲು ಹೊಯ್ದ ಹಾಗೆ.

ಸುರುಸುರುಬತ್ತಿಯನ್ನು ಹತ್ತಿರದಿಂದ ನೋಡಿ. ತಂತಿ, ಅದರ ಮೇಲೆ ಬೂದು ಬಣ್ಣದ ಲೇಪ. ಲೇಪದಲ್ಲಿ ಆಕ್ಸಿಜನ್ ಕೊಡುವ ಉಪ್ಪು, ಅಲ್ಯೂಮಿನಿಯಂ, ಕಬ್ಬಿಣದ ಅರಪುಡಿ, ಹಿಡಿದಿಡೋಕೆ ಡೆಕ್ಸ್‌ಟ್ರಿನ್ ಅಂಟು. ಕಿಡಿ ಮೊದಲು ನೇರ ಹೋಗುತ್ತದೆ. ಆಮೇಲೆ ಚಟ್ ಅಂತ ನಾಲ್ಕೈದು ಕವಲಾಗಿ ಒಡೆಯುತ್ತದೆ. ಆ ಕವಲು ಕಬ್ಬಿಣದ್ದಲ್ಲ, ಕಬ್ಬಿಣದೊಳಗಿನ ಇಂಗಾಲದ ಕೆಲಸ. ಕರಗಿದ ಹನಿಯೊಳಗೆ ಇಂಗಾಲ ಉರಿದು ಅನಿಲವಾಗಿ ಹನಿಯನ್ನೇ ಒಡೆಯುತ್ತದೆ. ನಮ್ಮ ಡೊಂಬಿವಲಿ ಗಲ್ಲಿಗೆ ಸೈಕಲ್ ಮೇಲೆ ಸಾಣೆ ಕಟ್ಟಿಕೊಂಡು ಚಾಕು ಹರಿತ ಮಾಡುವವನು ಬರುತ್ತಾನೆ. ಅವನ ಸಾಣೆಯಿಂದ ಹಾರುವ ಕಿಡಿಯೂ ಹೀಗೇ ಕವಲೊಡೆಯುತ್ತದೆ. ಇಂಗಾಲ ಇಲ್ಲದ ಶುದ್ಧ ಕಬ್ಬಿಣದ ಕಿಡಿ ಹೀಗೆ ಒಡೆಯಲ್ಲ.

ಸಾವಿರ ಡಿಗ್ರಿಯ ಕಿಡಿ ಕೈ ಮೇಲೆ ಬಿದ್ದರೂ ಸುಡುವುದು ಕಡಿಮೆ, ಯಾಕೆಂದರೆ ಅದರ ತೂಕ ಏನೇನೂ ಇಲ್ಲ. ತಾಪಮಾನ ಬೇರೆ, ಶಾಖದ ಮೊತ್ತ ಬೇರೆ. ತಂತಿಗೆ ತೂಕ ಇದೆ. ಉರಿದು ಮುಗಿದ ತಂತಿಯನ್ನು ಬರಿಗಾಲಲ್ಲಿ ತುಳಿದವರಿಗೆ ಈ ವ್ಯತ್ಯಾಸ ಜನ್ಮದಲ್ಲಿ ಮರೆಯಲ್ಲ. ಬಕೆಟ್ ನೀರು ಪಕ್ಕದಲ್ಲಿರಲಿ.

ಸದ್ದು

ಚಿಕ್ಕವನಿದ್ದಾಗ ನರಕ ಚತುರ್ದಶಿ ಮಾರನೇ ದಿನ ಬೆಳಿಗ್ಗೆ ನಾವು ಹುಡುಗರು ಠುಸ್ ಆದ ಪಟಾಕಿ ಆರಿಸುತ್ತಿದ್ದೆವು. ಒಡೆದು ಮದ್ದನ್ನು ಪೇಪರ್ ಮೇಲೆ ಸುರಿದು ಕಡ್ಡಿ ಗೀರಿದೆವು. ಢಂ ಅನ್ನಲಿಲ್ಲ. ಬುಸ್ ಅಂತ ಒಂದೇ ಉಸಿರಿಗೆ ಉರಿದು, ನನ್ನ ಚಿಕ್ಕಪ್ಪನ ಮಗನ ಹುಬ್ಬು ಸುಟ್ಟು ಹೋಯಿತು. ಎರಡು ತಿಂಗಳು ಅವನ ಮುಖ ಮೊಟ್ಟೆಯ ಹಾಗಿತ್ತು. ಯಾರೂ ಹೀಗೆ ಮಾಡಬೇಡಿ, ಕೆಲವು ಮದ್ದು ಬಯಲಲ್ಲೂ ಸಿಡಿಯುತ್ತದೆ. ಆದರೆ ಅವತ್ತು ಕಂಡದ್ದು ಈಗ ಅರ್ಥವಾಗಿದೆ. ಸದ್ದಿನ ಅರ್ಧ ಪಾಲು ಮದ್ದಿನದು, ಇನ್ನರ್ಧ ಸುತ್ತಿದ ಕಾಗದದ್ದು. ಸುತ್ಲಿ ಬಾಂಬಿಗೆ ಸೆಣಬಿನ ಹುರಿ ಬಿಗಿದು ಅಂಟು ಹಾಕುವುದು ಅಂದಕ್ಕಲ್ಲ. ಒಳಗಿನ ಒತ್ತಡ ಏರುವ ತನಕ ಗೋಡೆ ತಡೆಯಬೇಕು, ಆಮೇಲೆ ಒಮ್ಮೆಲೇ ಹರಿಯಬೇಕು. ಪ್ರೆಶರ್ ಕುಕ್ಕರ್‌ಗೆ ಸೀಟಿ ಇದೆ, ಇದಕ್ಕಿಲ್ಲ.

ಇಲ್ಲೊಂದು ಬಲೆ ಇದೆ. "ಅನಿಲ ಜಾಸ್ತಿ ಹುಟ್ಟುತ್ತದೆ, ಅದಕ್ಕೆ ಸದ್ದು" ಅಂತ ಬರೆದುಬಿಡುತ್ತೇವೆ. ಕೋವಿಮದ್ದಿಗೆ ಇದು ಸರಿ, ಆದರೂ ಅದರ ಅರ್ಧಕ್ಕಿಂತ ಹೆಚ್ಚು ತೂಕ ಘನ ಕಣಗಳಾಗಿ ಹೊಗೆಗೆ ಹೋಗುತ್ತದೆ. ಆದರೆ ಅಲ್ಯೂಮಿನಿಯಂ ಮತ್ತು ಪರ್‌ಕ್ಲೋರೇಟಿನ ಮಿಂಚುಮದ್ದು ಉರಿದಾಗ ಉಳಿಯುವುದು ಅಲ್ಯೂಮಿನಿಯಂ ಆಕ್ಸೈಡ್, ಪೊಟ್ಯಾಷಿಯಂ ಕ್ಲೋರೈಡ್. ತಣ್ಣಗಾದ ಮೇಲೆ ಎರಡೂ ಘನ! ಹಾಗಾದರೆ ಒತ್ತಡ ಎಲ್ಲಿಂದ? ಶಾಖದಿಂದ. ಆ ಬಿಸಿಗೆ ಪೊಟ್ಯಾಷಿಯಂ ಕ್ಲೋರೈಡೇ ಆವಿಯಾಗುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಪರೀಕ್ಷೆಯಲ್ಲಿ ಇದನ್ನು ಬರೆದರೆ ಪೇಪರ್ ತಿದ್ದುವವರು ಒಮ್ಮೆ ಕನ್ನಡಕ ಸರಿ ಮಾಡಿಕೊಳ್ಳುತ್ತಾರೆ.

ಸೀಟಿ ಹೊಡೆಯುವ ಪಟಾಕಿಯಲ್ಲಿ ಬೆಂಜೋಯೇಟ್ ಥರದ ಉಪ್ಪು ಕೊಳವೆಯೊಳಗೆ ತಡೆ ತಡೆದು ಉರಿಯುತ್ತದೆ, ಕೊಳವೆ ಕೊಳಲಾಗುತ್ತದೆ. ಚಟಪಟ ಕಿಡಿಗೆ ಮೊದಲು ಸೀಸದ ಆಕ್ಸೈಡ್ ಇತ್ತು, ಈಗ ಬಿಸ್ಮತ್.

ಭಾರತದ ನಿಯಮದಲ್ಲಿ ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ಮಿತಿ. ಸರಪಟಾಕಿಗೆ (ಅದಕ್ಕೆ 2018ರಲ್ಲಿ ನಿಷೇಧ ಬಂತು, ಕೆಳಗೆ ನೋಡಿ) ನಿಯಮದಲ್ಲಿ ಬೇರೆ ಲೆಕ್ಕ: ಪಟಾಕಿಗಳ ಸಂಖ್ಯೆಯ ಲಾಗ್ (10ರ ಆಧಾರದ್ದು) ತೆಗೆದು, 5ರಿಂದ ಗುಣಿಸಿ, 125ರಲ್ಲಿ ಕಳೆಯಬೇಕು. ನೂರರ ಸರವಾದರೆ ಒಂದೊಂದಕ್ಕೂ 115. ಬಯಲಲ್ಲಿ ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. 64 ಮೀಟರ್ ದೂರದಲ್ಲಿ ಎಷ್ಟು? ನಾಲ್ಕು ಸಲ ದುಪ್ಪಟ್ಟು, 24 ಕಳೆಯಿರಿ, 101. ಆದರೆ ಚಾಳಿನ ಎರಡು ಸಾಲಿನ ಮಧ್ಯೆ ಈ ಸೂತ್ರ ನಡೆಯಲ್ಲ. ಗೋಡೆಗಳು ಸದ್ದನ್ನು ವಾಪಸ್ ಎಸೆಯುತ್ತವೆ.

ಹಸಿರು ಪಟಾಕಿಯಲ್ಲಿ ಹಸಿರಿಗೇ ಕುತ್ತು

ಬೇರಿಯಂ ನೈಟ್ರೇಟ್ ಒಂದು ಕಲ್ಲಲ್ಲಿ ಎರಡು ಹಕ್ಕಿ ಹೊಡೆಯುತ್ತಿತ್ತು. ಆಕ್ಸಿಜನ್ನೂ ಅದೇ, ಹಸಿರೂ ಅದೇ. ಅದಕ್ಕೆ ಹಸಿರಿಲ್ಲದ ಸುರುಸುರುಬತ್ತಿ, ಹೂಕುಂಡಗಳಲ್ಲೂ ಅದು ಇರುತ್ತಿತ್ತು. ಆದರೆ ನೀರಲ್ಲಿ ಕರಗುವ ಬೇರಿಯಂ ಉಪ್ಪುಗಳು ವಿಷ. ಎಕ್ಸ್‌ರೇಗೆ ಮೊದಲು ಕುಡಿಸುವ ಬೇರಿಯಂ ಸಲ್ಫೇಟ್ ಕರಗುವುದೇ ಇಲ್ಲ, ಅದಕ್ಕೇ ಅದು ನಡೆಯುತ್ತದೆ. ಒಂದೇ ಲೋಹ, ಕರಗುವ ಗುಣ ಮಾತ್ರ ಬೇರೆ.

2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಬೇರಿಯಂ ಉಪ್ಪುಗಳಿಗೂ ಸರಪಟಾಕಿಗೂ ನಿಷೇಧ ಹಾಕಿ, ದೀಪಾವಳಿಗೆ ರಾತ್ರಿ 8ರಿಂದ 10ರ ಗಡುವು ಇಟ್ಟಿತು. 2023ರ ನವೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಮುಂಬೈಗೂ ಅದೇ ಎರಡು ಗಂಟೆ ಹೇಳಿತು. ನಮ್ಮದೇ ರಾಜ್ಯದ ನಾಗ್ಪುರದ ನೀರಿ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ತಯಾರಿಸಿದ ಹಸಿರು ಪಟಾಕಿಗಳಲ್ಲಿ ಸ್ವಾಸ್ ಅನ್ನೋದು ನೀರಾವಿ ಬಿಟ್ಟು ಧೂಳು ಹಿಡಿಯುತ್ತದೆ. ಸ್ಟಾರ್‌ನಲ್ಲಿ ಪೆಟ್ಲುಪ್ಪು, ಗಂಧಕ ಎರಡೂ ಇಲ್ಲ. ಸಫಲ್‌ನಲ್ಲಿ ಅಲ್ಯೂಮಿನಿಯಂ ಕಡಿಮೆ. ಕಣಗಳ ಹೊಗೆ 30 ಶೇಕಡಾ ಇಳಿಸಬೇಕು ಅನ್ನೋದು ಗುರಿ. ಇಳಿಯುತ್ತದೆ, ಇಲ್ಲವಾಗುವುದಿಲ್ಲ. ಹೆಸರು ನೋಡಿ ಮೋಸ ಹೋಗಬೇಡಿ.

ಓದು ಮುಗಿದ ಮರುದಿನ ರಾತ್ರಿ ಹುಬ್ಬಳ್ಳಿ ಗೆಳೆಯನ ಟೆರೇಸಿನಲ್ಲಿ ಒಂದು ಹಳೇ ಸೀಡಿ ಹಿಡಿದು ನೋಡಿದೆವು. ದೂರದಲ್ಲಿ ಉರಿಯುವುದನ್ನು ಸೀಡಿಯ ಹೊಳಪಿನಲ್ಲಿ ಓರೆಯಾಗಿ ನೋಡಿದರೆ ಬೆಳಕು ಬಿಚ್ಚಿಕೊಳ್ಳುತ್ತದೆ. ಹೂಕುಂಡಕ್ಕೆ ಕೆಂಪಿನಿಂದ ನೇರಳೆ ತನಕ ಎಲ್ಲೂ ಕಡಿಯದ ಪಟ್ಟಿ. ಕೆಂಪು ಮತಾಪಿಗೆ ಕೆಂಪು ಕಡೆ ನಾಲ್ಕಾರು ದಪ್ಪ ಗೆರೆ, ಮಧ್ಯೆ ಕತ್ತಲೆ. ಕೊನೆಗೆ ಅಂಗಡಿಯವನು "ಏಕದಮ್ ನೀಲಾ" ಅಂತ ಕೊಟ್ಟ ಕಡ್ಡಿ ಹಚ್ಚಿದೆವು. ನೀಲಿ ಕಡೆ ಮಸುಕಾಗಿ ಒಂದೆರಡು ಪಟ್ಟಿ ಇತ್ತು. ನಡುವೆ 589ರ ಜಾಗದಲ್ಲಿ ಹಳದಿ ಗೆರೆ ಎಲ್ಲಕ್ಕಿಂತ ದಪ್ಪಗೆ ನಿಂತಿತ್ತು.

ಗೆಳೆಯ ಸೀಡಿ ಕೆಳಗಿಟ್ಟ. "ಉಪ್ಪ ಜಾಸ್ತಿ ಆಗೇದ ನೋಡು," ಅಂದ.