ಕಂಪನಿ ಕೊಟ್ಟಿದ್ದೆಷ್ಟು, ಸಂಸ್ಥೆಗೆ ಸಿಕ್ಕಿದ್ದೆಷ್ಟು?

ದೊಡ್ಡ ಟೆಕ್ ಕಂಪನಿಯೊಂದು ಸೇವಾ ಸಂಸ್ಥೆಗಳಿಗೆ ಇಷ್ಟು ಕೋಟಿ ಡಾಲರ್ ಕೊಟ್ಟಿತು ಅಂತ ಸುದ್ದಿ ಬಂದರೆ ಓದುವವರ ಕಣ್ಣು ನೇರವಾಗಿ ಮೊತ್ತದ ಮೇಲೆ ಬೀಳುತ್ತದೆ. ಅಮೆರಿಕದ ಸೇವಾ ಸಂಸ್ಥೆಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ನಾನು ಮೊದಲು ಕೇಳುವುದು ಬೇರೆ ಪ್ರಶ್ನೆ. ಇದರಲ್ಲಿ ನಗದು ಎಷ್ಟು? ಉಳಿದದ್ದು ಯಾವ ರೂಪದಲ್ಲಿ ಬಂತು? ಅದಕ್ಕೆ ಬೆಲೆ ಕಟ್ಟಿದವರು ಯಾರು?

ಬಟ್ಟೆ ಕಂಪನಿ ಸಾವಿರ ಕಂಬಳಿ ಕೊಟ್ಟರೆ ಅದರ ಗೋದಾಮಿನಲ್ಲಿ ಸಾವಿರ ಕಂಬಳಿ ಕಡಿಮೆಯಾಗುತ್ತದೆ. ಸಾಫ್ಟ್‌ವೇರ್ ಕಂಪನಿ ಸಾವಿರ ಲೈಸೆನ್ಸ್ ಕೊಟ್ಟರೆ ಅದರ ಬಳಿ ಇದ್ದದ್ದು ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಆದರೆ ಪ್ರಕಟಣೆಯಲ್ಲಿ ಆ ಸಾವಿರ ಲೈಸೆನ್ಸ್‌ಗಳನ್ನು ಮಾರುಕಟ್ಟೆ ಬೆಲೆಯಲ್ಲೇ ಲೆಕ್ಕ ಹಾಕಿರಬಹುದು. ಟೆಕ್ ಕಂಪನಿಗಳ ದೇಣಿಗೆಯನ್ನು ಬೇರೆಯಾಗಿಯೇ ಓದಬೇಕು ಅಂತ ನಾನು ಹೇಳುವುದು ಇದಕ್ಕೇ.

ಒಂದು ಉದಾಹರಣೆ ಕಟ್ಟಿ ನೋಡೋಣ. ಚಿಕ್ಕ ಸಂಸ್ಥೆಯೊಂದಕ್ಕೆ ಒಂದು ಲಕ್ಷ ಡಾಲರ್ ದೇಣಿಗೆ ಬಂತು ಅಂದುಕೊಳ್ಳಿ. ಅದರಲ್ಲಿ 60 ಸಾವಿರ ಸಾಫ್ಟ್‌ವೇರ್, 25 ಸಾವಿರ ಕ್ಲೌಡ್ ಕ್ರೆಡಿಟ್ (ಕಂಪನಿಯ ಸರ್ವರ್‌ಗಳನ್ನು ಇಂಟರ್ನೆಟ್ ಮೂಲಕ ಅಷ್ಟು ಮೊತ್ತದವರೆಗೆ ಉಚಿತವಾಗಿ ಬಳಸುವ ಅವಕಾಶ), 15 ಸಾವಿರ ನಗದು. ಸಂಬಳ, ಬಾಡಿಗೆ, ಕರೆಂಟ್ ಬಿಲ್ ಎಲ್ಲಕ್ಕೂ ಆಗುವುದು ಆ 15 ಸಾವಿರ ಮಾತ್ರ. ಹಾಗಂತ ಸಾಫ್ಟ್‌ವೇರ್‌ನಿಂದ ಏನೂ ಪ್ರಯೋಜನವಿಲ್ಲ ಅಂತಲ್ಲ. ಆ ಸಂಸ್ಥೆ ಹೇಗಿದ್ದರೂ ವರ್ಷಕ್ಕೆ 8 ಸಾವಿರ ಕೊಟ್ಟು ಇಂಥದ್ದೇ ಸಾಫ್ಟ್‌ವೇರ್ ಕೊಳ್ಳುತ್ತಿದ್ದರೆ, ಆ 8 ಸಾವಿರ ಈಗ ಉಳಿಯಿತು. ಅದು ನಿಜವಾದ ಲಾಭ. ಉಳಿದ 52 ಸಾವಿರ ಕಾಗದದ ಮೇಲಿನ ಬೆಲೆ. ಸಂಸ್ಥೆ ಅದನ್ನು ಯಾವತ್ತೂ ಖರ್ಚು ಮಾಡುತ್ತಿರಲಿಲ್ಲ.

ಇಲ್ಲಿ ತೆರಿಗೆ ಕಾನೂನನ್ನೂ ನೋಡಬೇಕು. ಅಮೆರಿಕದಲ್ಲಿ ಕಂಪನಿ ತಾನು ಮಾರುವ ವಸ್ತುವನ್ನೇ ದಾನ ಮಾಡಿದರೆ, ಸಾಮಾನ್ಯವಾಗಿ ತೆರಿಗೆ ಬೀಳುವ ಆದಾಯದಿಂದ ಕಳೆಯಲು ಆಗುವುದು ಅದನ್ನು ತಯಾರಿಸಲು ತಗುಲಿದ ವೆಚ್ಚವನ್ನು ಮಾತ್ರ. ಮಾರುವ ಬೆಲೆಯನ್ನಲ್ಲ. ಬಡವರ, ರೋಗಿಗಳ ಆರೈಕೆಗೆ ಕೊಡುವ ಸರಕಿನಂಥ ಕೆಲವಕ್ಕೆ ವಿನಾಯಿತಿ ಇದೆ. ನೌಕರರು ಸ್ವಯಂಸೇವೆ ಮಾಡಿದ ಸಮಯಕ್ಕಂತೂ ದಾನದ ಲೆಕ್ಕದಲ್ಲಿ ಏನೂ ಕಳೆಯಲಾಗದು. ಅಂದರೆ ಒಂದೇ ಕೊಡುಗೆಗೆ ತೆರಿಗೆ ಪತ್ರದಲ್ಲಿ ಒಂದು ಮೊತ್ತ, ಪತ್ರಿಕಾ ಪ್ರಕಟಣೆಯಲ್ಲಿ ಇನ್ನೊಂದು ಮೊತ್ತ ಇರಬಹುದು. ಎರಡೂ ಕಾನೂನು ಪ್ರಕಾರ ಸರಿಯೇ. ಆದರೆ ಓದುಗರಿಗೆ ಕಾಣುವುದು ದೊಡ್ಡದು ಮಾತ್ರ.

ಸಂಸ್ಥೆಗಳ ಕಡೆಯಿಂದ ಈ ಗೊಂದಲ ಕಡಿಮೆ ಮಾಡಲು ಅಮೆರಿಕದ ಲೆಕ್ಕಪತ್ರ ಮಾನದಂಡ ಮಂಡಳಿ 2020ರಲ್ಲಿ ಒಂದು ನಿಯಮ ತಂದಿತು. ನಗದಲ್ಲದ ದೇಣಿಗೆಯನ್ನು ಸಂಸ್ಥೆ ಬೇರೆ ಸಾಲಿನಲ್ಲಿ ತೋರಿಸಬೇಕು. ಅದು ಏನು, ಬಳಸಿದರೋ ಮಾರಿದರೋ, ಬೆಲೆ ಕಟ್ಟಿದ್ದು ಹೇಗೆ ಅಂತಲೂ ಹೇಳಬೇಕು. ನನಗೆ ತುಂಬಾ ಇಷ್ಟವಾದ ನಿಯಮ ಇದು. ಯಾವುದಾದರೂ ಸಂಸ್ಥೆಗೆ ಹಣ ಕೊಡುವ ಮೊದಲು ಅದರ ವಾರ್ಷಿಕ ಲೆಕ್ಕದಲ್ಲಿ ಈ ಸಾಲನ್ನು ಹುಡುಕಿ. ಒಟ್ಟು ಆದಾಯ ದೊಡ್ಡದಿದ್ದು, ಅದರಲ್ಲಿ ಮುಕ್ಕಾಲು ಪಾಲು ಈ ಸಾಲಿನಲ್ಲೇ ಇದ್ದರೆ, ಆ ಸಂಸ್ಥೆ ಕಾಣುವಷ್ಟು ಗಟ್ಟಿಯಾಗಿಲ್ಲ ಎಂದು ತಿಳಿಯಬಹುದು.

ಕಾಗದದ ಮೇಲಿನ ಮೊತ್ತಕ್ಕೂ ನಿಜವಾಗಿ ಬಳಕೆಯಾಗುವುದಕ್ಕೂ ಇರುವ ಅಂತರಕ್ಕೆ ಗೂಗಲ್‌ನ ಆ್ಯಡ್ ಗ್ರಾಂಟ್ಸ್ ಒಳ್ಳೆಯ ಉದಾಹರಣೆ. 2003ರಿಂದ ನಡೆಯುತ್ತಿರುವ ಯೋಜನೆ. ಅರ್ಹ ಸಂಸ್ಥೆಗೆ ತಿಂಗಳಿಗೆ 10,000 ಡಾಲರ್‌ವರೆಗೆ ಸರ್ಚ್ ಜಾಹೀರಾತು ಉಚಿತ. ವರ್ಷಕ್ಕೆ 1,20,000 ಡಾಲರ್ ಆಯಿತು. ಕೇಳಲು ಎಷ್ಟು ದೊಡ್ಡದು, ಅಲ್ವಾ? ಆದರೆ ದಿನಕ್ಕೆ ಸುಮಾರು 329 ಡಾಲರ್ ಮಿತಿ ಇದೆ. ಜಾಹೀರಾತು ಕಂಡವರಲ್ಲಿ ಶೇ. 5ರಷ್ಟಾದರೂ ಅದನ್ನು ಕ್ಲಿಕ್ ಮಾಡಬೇಕು. ಸತತ ಎರಡು ತಿಂಗಳು ಅದಕ್ಕಿಂತ ಕಡಿಮೆಯಾದರೆ ಖಾತೆ ನಿಲ್ಲಬಹುದು. ಬಳಸದ ಹಣ ಮುಂದಿನ ತಿಂಗಳಿಗೆ ಹೋಗುವುದಿಲ್ಲ. ಜಾಹೀರಾತು ಬರೆಯಲು, ಪದಗಳನ್ನು ಆರಿಸಲು, ಪ್ರತಿವಾರ ನೋಡಿಕೊಳ್ಳಲು ಒಬ್ಬರು ಬೇಕು. ಅಂಥವರು ಇರುವ ಸಂಸ್ಥೆಗೆ ಇದು ನಿಜವಾಗಿಯೂ ಬಲ ಕೊಡುತ್ತದೆ. ಮೂರೇ ಜನ ನಡೆಸುವ ಸಂಸ್ಥೆಯಲ್ಲಿ ಈ ಮೊತ್ತದ ದೊಡ್ಡ ಭಾಗ ಬಳಕೆಯಾಗದೆ ಉಳಿಯುತ್ತದೆ. ಇಲ್ಲಿ ತಪ್ಪು ಯಾರದ್ದೂ ಅಲ್ಲ. ಕೊಡುಗೆಯನ್ನು ಬಳಸುವುದಕ್ಕೂ ಖರ್ಚಿದೆ, ಆ ಖರ್ಚು ಕೊಡುಗೆಯೊಳಗೆ ಸೇರಿಲ್ಲ, ಅಷ್ಟೇ.

ಇನ್ನೊಂದು ವಿಷಯ, ಉಚಿತ ಎಷ್ಟು ದಿನ? ಸೇವಾ ಸಂಸ್ಥೆಗಳಿಗೆ ತನ್ನ ಕಚೇರಿ ಸಾಫ್ಟ್‌ವೇರ್ ಆದ ಬಿಸಿನೆಸ್ ಪ್ರೀಮಿಯಂನ ಹತ್ತು ಲೈಸೆನ್ಸ್ ಉಚಿತವಾಗಿ ಕೊಡುತ್ತಿದ್ದ ಮೈಕ್ರೋಸಾಫ್ಟ್ 2025ರ ಜುಲೈನಿಂದ ಅದನ್ನು ನಿಲ್ಲಿಸಿತು. ನವೀಕರಣದ ಸಮಯ ಬಂದಾಗ ಸಂಸ್ಥೆಗಳು ರಿಯಾಯಿತಿ ಬೆಲೆ ಕೊಡಬೇಕು, ಇಲ್ಲವೇ ಉಚಿತವಾಗಿರುವ ಬಿಸಿನೆಸ್ ಬೇಸಿಕ್‌ಗೆ ಹೋಗಬೇಕು. ಬೇಸಿಕ್ 300 ಜನರವರೆಗೆ ಉಚಿತ, ಆದರೆ ಕಂಪ್ಯೂಟರಿನಲ್ಲಿ ಹಾಕಿಕೊಳ್ಳುವ ವರ್ಡ್, ಎಕ್ಸೆಲ್ ಅದರಲ್ಲಿಲ್ಲ. ಬ್ರೌಸರಿನಲ್ಲೇ ಕೆಲಸ. ಕಂಪನಿಗೆ ತನ್ನ ಯೋಜನೆ ಬದಲಿಸುವ ಹಕ್ಕಿದೆ, ಅದನ್ನು ಪ್ರಶ್ನಿಸುತ್ತಿಲ್ಲ. ಆದರೆ ಅಷ್ಟು ಹೊತ್ತಿಗೆ ಸಂಸ್ಥೆಯ ಎಲ್ಲ ಕಡತ, ಇಮೇಲ್, ದಾನಿಗಳ ಪಟ್ಟಿ ಅಲ್ಲೇ ಇರುತ್ತವೆ. ಬಿಟ್ಟು ಹೋಗುವುದು ದುಬಾರಿ. ಉಚಿತ ಸಾಫ್ಟ್‌ವೇರ್ ಒಪ್ಪಿಕೊಳ್ಳುವ ದಿನವೇ ಬಜೆಟ್‌ನಲ್ಲಿ ಒಂದು ಸಾಲು ಬರೆದಿಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ: 'ಮೂರು ವರ್ಷದ ನಂತರ ಇದಕ್ಕೆ ಹಣ ಕೊಡಬೇಕಾದರೆ ಎಷ್ಟು?'

ಕಂಪನಿ ಅಂದರೆ ಷೇರುದಾರರ ಹಣ, ಅದನ್ನು ದಾನ ಮಾಡಲು ಆಡಳಿತ ಮಂಡಳಿಗೆ ಅಧಿಕಾರ ಎಲ್ಲಿಂದ ಬಂತು ಅಂತ ಕೆಲವರು ಕೇಳುತ್ತಾರೆ. ಹಳೆಯ ಪ್ರಶ್ನೆ. ಎ.ಪಿ. ಸ್ಮಿತ್ ಎಂಬ ಕಂಪನಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ 1,500 ಡಾಲರ್ ಕೊಡಲು ಹೊರಟಾಗ ಷೇರುದಾರರು ತಕರಾರು ಎತ್ತಿದರು. 1953ರಲ್ಲಿ ನ್ಯೂಜೆರ್ಸಿ ಸುಪ್ರೀಂ ಕೋರ್ಟ್ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ಇವತ್ತಿನ ದೊಡ್ಡ ದೊಡ್ಡ ದೇಣಿಗೆಗಳಿಗೆ ಆ ಚಿಕ್ಕ ಮೊತ್ತದ ತೀರ್ಪೂ ಒಂದು ಆಧಾರ.

ಮತ್ತೆ ತೆರಿಗೆಗೆ ಬರೋಣ. ಕಂಪನಿ ತನ್ನ ದಾನವನ್ನು ಕಳೆಯಲು ಮೇಲಿನ ಮಿತಿ ತೆರಿಗೆ ಲೆಕ್ಕದ ಆದಾಯದ ಶೇ. 10. 2026ರಿಂದ ಕೆಳಗಿನ ಮಿತಿಯೂ ಬಂದಿದೆ. ಆದಾಯದ ಶೇ. 1ನ್ನು ಮೀರಿದ ಭಾಗಕ್ಕೆ ಮಾತ್ರ ವಿನಾಯಿತಿ. ಆದಾಯದ ಶೇ. 0.8ರಷ್ಟು ದಾನ ಮಾಡುವ ಕಂಪನಿಗೆ ಆ ವರ್ಷ ಏನೂ ಕಳೆಯಲಾಗದು. ಇದರಿಂದ ಒಂದು ಬದಲಾವಣೆ ಆಗಬಹುದು ಅಂತ ನನ್ನ ಅಂದಾಜು. ದಾನ ಎಂದು ಬರೆಯುತ್ತಿದ್ದ ಹಣವನ್ನು ಕಂಪನಿಗಳು ಪ್ರಾಯೋಜಕತ್ವ, ಪ್ರಚಾರದ ಖರ್ಚು ಅಂತ ಬರೆಯಲು ನೋಡುತ್ತವೆ. ಅದು ವ್ಯಾಪಾರದ ಖರ್ಚಾಗುತ್ತದೆ, ಈ ಮಿತಿ ಅದಕ್ಕೆ ಇಲ್ಲ. ಆದರೆ ಹಾಗೆ ಬರೆಯಬೇಕಾದರೆ ಕಂಪನಿಗೆ ಪ್ರತಿಯಾಗಿ ಏನೋ ಸಿಗಬೇಕು. ಲೋಗೋ, ವೇದಿಕೆ, ಹೆಸರು. ಸಂಸ್ಥೆಗಳು ಒಪ್ಪಂದವನ್ನು ಇನ್ನೂ ಜಾಗ್ರತೆಯಿಂದ ಓದಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನಾನು ಮನಸಾರೆ ಮೆಚ್ಚುವ ಎರಡು ವಿಧಾನಗಳನ್ನೂ ಹೇಳಬೇಕು.

ಒಂದು, ಶುರುವಿನಲ್ಲೇ ಷೇರು ತೆಗೆದಿಡುವುದು. 1999ರಲ್ಲಿ ಹುಟ್ಟಿದ ಸಾಫ್ಟ್‌ವೇರ್ ಕಂಪನಿ ಸೇಲ್ಸ್‌ಫೋರ್ಸ್, ಷೇರಿನ ಶೇ. 1, ಉತ್ಪನ್ನದ ಶೇ. 1, ನೌಕರರ ಸಮಯದ ಶೇ. 1 ಕೊಡುತ್ತೇವೆ ಅಂತ ಆರಂಭದಲ್ಲೇ ತೀರ್ಮಾನಿಸಿತು. ಗೂಗಲ್ ಕೂಡ 2004ರಲ್ಲಿ ಷೇರು ಮಾರುಕಟ್ಟೆಗೆ ಬರುವಾಗ ಷೇರು ಮತ್ತು ಲಾಭದ ಸುಮಾರು ಶೇ. 1 ಕೊಡುವ ಆಸೆ ಹೇಳಿಕೊಂಡಿತ್ತು. ಕಂಪನಿ ಚಿಕ್ಕದಿದ್ದಾಗ ಆ ಒಂದು ಶೇಕಡಾಕ್ಕೆ ಬೆಲೆ ಇರುವುದಿಲ್ಲ, ಹಾಗಾಗಿ ಯಾರೂ ತಕರಾರು ಮಾಡುವುದಿಲ್ಲ. ಕಂಪನಿ ಬೆಳೆದರೆ ಅದೂ ಬೆಳೆಯುತ್ತದೆ. ಹತ್ತು ವರ್ಷದ ನಂತರ ಇದೇ ಮಾತು ಎತ್ತಿದರೆ ಒಪ್ಪಿಸುವುದು ತುಂಬಾ ಕಷ್ಟ. ಇದನ್ನು ಸ್ಥಾಪಕರ ಸ್ವಂತ ದಾನದ ಜೊತೆ ಬೆರೆಸಬಾರದು. ಗೇಟ್ಸ್ ಫೌಂಡೇಶನ್‌ಗೆ ಹಣ ಬಂದದ್ದು ಬಿಲ್ ಗೇಟ್ಸ್ ಅವರಂಥ ವ್ಯಕ್ತಿಗಳ ಆಸ್ತಿಯಿಂದ. ಅದು ಮೈಕ್ರೋಸಾಫ್ಟ್ ಕಂಪನಿಯ ದೇಣಿಗೆ ಅಲ್ಲ.

ಎರಡು, ಮ್ಯಾಚಿಂಗ್. ನೌಕರ ನೂರು ಡಾಲರ್ ಕೊಟ್ಟರೆ ಕಂಪನಿ ಇನ್ನೂ ನೂರು ಸೇರಿಸುತ್ತದೆ. ಮೈಕ್ರೋಸಾಫ್ಟ್‌ನಲ್ಲಿ ನೌಕರರ ದೇಣಿಗೆ ಕಾರ್ಯಕ್ರಮ 1983ರಿಂದ ಇದೆ. ಅಮೆರಿಕದ ನೌಕರರಿಗೆ ಈಗ ವರ್ಷಕ್ಕೆ 15,000 ಡಾಲರ್‌ವರೆಗೆ ಮ್ಯಾಚಿಂಗ್ ಸಿಗುತ್ತದೆ. ಆಪಲ್ 2011ರಲ್ಲಿ ಶುರು ಮಾಡಿತು. ಇದು ನಗದು. ಹೆಚ್ಚಿನ ಸಲ ಇಂಥದ್ದಕ್ಕೇ ಬಳಸಿ ಎಂಬ ಷರತ್ತು ಇರುವುದಿಲ್ಲ. ಕಂಪನಿಯ ದೊಡ್ಡವರಿಗೆ ಹೆಸರೇ ಗೊತ್ತಿಲ್ಲದ ಪುಟ್ಟ ಸಂಸ್ಥೆಗೂ ಇದು ತಲುಪುತ್ತದೆ, ಏಕೆಂದರೆ ಆರಿಸಿದ್ದು ನೌಕರ.

ಇಷ್ಟು ಒಳ್ಳೆಯ ಹಣವನ್ನು ಎಷ್ಟೋ ಜನ ಕೇಳುವುದೇ ಇಲ್ಲ. ನೌಕರ ದಾನ ಮಾಡಿ ಸುಮ್ಮನಾಗುತ್ತಾನೆ, ಕಂಪನಿಯ ಪೋರ್ಟಲ್‌ನಲ್ಲಿ ಅರ್ಜಿ ಹಾಕುವುದಿಲ್ಲ. ಸಂಸ್ಥೆಯೂ ನೆನಪಿಸುವುದಿಲ್ಲ. ದೇಣಿಗೆ ಫಾರಂನಲ್ಲಿ 'ನೀವು ಕೆಲಸ ಮಾಡುವ ಕಂಪನಿ' ಎಂಬ ಒಂದು ಖಾನೆ ಸೇರಿಸಿ, ಧನ್ಯವಾದ ಪತ್ರದಲ್ಲಿ ಮ್ಯಾಚಿಂಗ್ ಬಗ್ಗೆ ಎರಡು ಸಾಲು ಬರೆಯಿರಿ. ಕೊನೆಯ ದಿನಾಂಕ ಕಂಪನಿಯಿಂದ ಕಂಪನಿಗೆ ಬೇರೆ. ಅದನ್ನು ನೌಕರರೇ ನೋಡಿಕೊಳ್ಳಬೇಕು.

ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚುವ ವಿಧಾನ ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಅಮೆಜಾನ್‌ಸ್ಮೈಲ್ ನೋಡಬಹುದು. 2013ರಲ್ಲಿ ಶುರುವಾಯಿತು. ಗ್ರಾಹಕರು ಕೊಂಡ ಅರ್ಹ ವಸ್ತುವಿನ ಬೆಲೆಯ ಶೇ. 0.5 ಅವರು ಆರಿಸಿದ ಸಂಸ್ಥೆಗೆ ಹೋಗುತ್ತಿತ್ತು. 2023ರ ಫೆಬ್ರವರಿಯಲ್ಲಿ ಕಂಪನಿ ಅದನ್ನು ಮುಚ್ಚಿತು. ಹತ್ತು ಲಕ್ಷಕ್ಕೂ ಜಾಸ್ತಿ ಸಂಸ್ಥೆಗಳಿಗೆ ಹಂಚಿಹೋಗಿ ಪರಿಣಾಮ ತೆಳುವಾಯಿತು ಎಂಬುದು ಕಂಪನಿ ಕೊಟ್ಟ ಕಾರಣ. ಒಂದು ಸಂಸ್ಥೆಗೆ ಸರಾಸರಿ 230 ಡಾಲರ್‌ಗಿಂತ ಕಡಿಮೆ ಸಿಗುತ್ತಿತ್ತು. ಆ ಕಾರಣವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಅರ್ಜಿಯಿಲ್ಲದೆ, ವರದಿಯಿಲ್ಲದೆ, ಷರತ್ತಿಲ್ಲದೆ ಬರುವ 230 ಡಾಲರ್ ಪುಟ್ಟ ಸಂಸ್ಥೆಗೆ ಒಂದೆರಡು ತಿಂಗಳ ಫೋನ್ ಬಿಲ್ ಕಟ್ಟಬಲ್ಲದು.

ದೊಡ್ಡ ಅನುದಾನಕ್ಕೆ ಅರ್ಜಿ ಹಾಕುವವರಿಗೆ ನನ್ನ ಸಲಹೆ ಒಂದೇ. ಕಂಪನಿ ಸಾಫ್ಟ್‌ವೇರ್ ಕೊಡಲು ಮುಂದೆ ಬಂದರೆ ಬೇಡ ಅನ್ನಬೇಡಿ. ಅದರ ಜೊತೆಗೇ ಅದನ್ನು ಅಳವಡಿಸಲು, ಹಳೆಯ ಮಾಹಿತಿ ಸಾಗಿಸಲು, ಸಿಬ್ಬಂದಿಗೆ ಕಲಿಸಲು ಎಷ್ಟು ಖರ್ಚಾಗುತ್ತದೆ ಅಂತ ಬರೆದು, ಆ ಮೊತ್ತವನ್ನು ನಗದಾಗಿ ಕೇಳಿ. ಒಂದು ವರ್ಷಕ್ಕಲ್ಲ, ಮೂರು ವರ್ಷಕ್ಕೆ ಕೇಳಿ. ಅನುದಾನ ಮಂಜೂರು ಮಾಡುವ ಅಧಿಕಾರಿಗಳಲ್ಲಿ ಬಹಳ ಜನರಿಗೆ ಈ ಖರ್ಚು ಕಣ್ಣಿಗೆ ಬಿದ್ದಿರುವುದಿಲ್ಲ. ಲೆಕ್ಕ ಮುಂದಿಟ್ಟರೆ ಕೇಳಿಸಿಕೊಳ್ಳುತ್ತಾರೆ.